ಮಗಳಿಗೊಂದು ಪತ್ರ: ಎದೆನೋವು ಅಂತ ಬಂದವರನ್ನು ಬೇಗ ಮನೆಗೆ ಕಳಿಸಬೇಡ

ದಾವಣಗೆರೆ

ಪ್ರೀತಿಯ ಮಗಳೇ,

ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರಾಗಿ ನಿನ್ನ ರಾತ್ರಿ ಡ್ಯೂಟಿ ಶುರುವಾಗುತ್ತಿದೆ. ಅಲ್ಲಿಂದ ಚಿತ್ರದುರ್ಗಕ್ಕೇ ಹೆಚ್ಚುಕಮ್ಮಿ ಒಂದೂವರೆ ಗಂಟೆ ದಾರಿ, ದಾವಣಗೆರೆಗೆ ಇನ್ನೂ ದೂರ. ಇಲ್ಲಿ ಅನುಮಾನ ಬಂದರೆ ಹೃದ್ರೋಗ ತಜ್ಞರನ್ನು ಕರೆಯಬಹುದು, ಹೃದಯದ ರಕ್ತನಾಳದ ತಡೆ ನೋಡಿ ತೆರೆಯುವ ಕ್ಯಾಥ್ ಲ್ಯಾಬ್ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ಮೊದಲ ಒಂದು ಗಂಟೆ ಪೂರ್ತಿ ನಿನ್ನ ಕೈಯಲ್ಲೇ ಇರುತ್ತದೆ.

ನಮ್ಮ ಕಡೆಯವರು ಎದೆನೋವು ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. 'ಗ್ಯಾಸ್ಟ್ರಿಕ್ ಆಗೈತೆ ಮೇಡಂ, ಒಂದು ಇಂಜೆಕ್ಷನ್ ಹಾಕಿ' ಅನ್ನುತ್ತಾರೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದಿದ್ದರಂತೂ ಕಾರಣ ಅವರಿಗೇ ಸಿಕ್ಕಿಬಿಟ್ಟಿರುತ್ತದೆ. ಆ ಮಾತನ್ನು ಕೇಳಿಸಿಕೊ, ಆದರೆ ಚೀಟಿಯಲ್ಲಿ ಅದನ್ನೇ ಕಾಯಿಲೆ ಅಂತ ಬರೆಯಬೇಡ. ಸಕ್ಕರೆ ಕಾಯಿಲೆಯವರು, ಹೆಂಗಸರು, ವಯಸ್ಸಾದವರು ಹಾರ್ಟ್ ಅಟ್ಯಾಕ್ ಆದಾಗಲೂ ಹೊಟ್ಟೆಯ ಮೇಲ್ಭಾಗದ ಉರಿ, ದವಡೆ ಸೆಳೆತ, ಬರೀ ಸುಸ್ತು, ಏದುಸಿರು ಅಂತ ಬರುತ್ತಾರೆ. ಆಂಟಾಸಿಡ್ ಕುಡಿಸಿದ ಮೇಲೆ ಉರಿ ಇಳಿಯಿತು ಅಂದರೆ ಹೃದಯ ಸರಿಯಿದೆ ಅಂತಲ್ಲ. ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆಗೆ ನೋವು ಕಡಿಮೆಯಾದರೆ ಅದು ಹೃದಯದ್ದೇ ಅಂತಲೂ ಅಲ್ಲ. ಎದೆ ಒತ್ತಿದಾಗ ನೋವಾದರೂ ಅಷ್ಟಕ್ಕೇ ನಿರಾಳವಾಗಬೇಡ. ತಣ್ಣನೆ ಬೆವರು, ವಾಂತಿ, ಎರಡೂ ತೋಳಿಗೆ ಅಥವಾ ಬಲ ತೋಳಿಗೆ ಹರಿಯುವ ನೋವು, ಇವು ಕಂಡರೆ ನಿನ್ನ ಅನುಮಾನ ಗಟ್ಟಿಯಾಗಲಿ.

ಬಂದ 10 ನಿಮಿಷದೊಳಗೆ ಇಸಿಜಿ ನಿನ್ನ ಕೈಯಲ್ಲಿರಬೇಕು. ಓಪಿಡಿ ಚೀಟಿ ಆಮೇಲೆ ಮಾಡಿಸಿದರಾಯಿತು. ಇಸಿಜಿ ತೆಗೆಯುವಾಗ ಮೊದಮೊದಲು ನೀನೇ ಹತ್ತಿರ ನಿಂತುಕೊ, ತಪ್ಪುಗಳು ಹುಟ್ಟುವುದು ಅಲ್ಲೇ. ಎದೆಯ ಮೇಲಿಡುವ ಆರು ಬಲ್ಬ್‌ಗಳಲ್ಲಿ (ವಿ1ರಿಂದ ವಿ6) ವಿ1, ವಿ2 ಎರಡನ್ನು ಕುತ್ತಿಗೆ ಹತ್ತಿರಕ್ಕೆ, ಎರಡನೇ ಮೂರನೇ ಪಕ್ಕೆಲುಬಿನ ಸಂದಿಗೆ ಅಂಟಿಸಿಬಿಡುತ್ತಾರೆ. ಎದೆಮೂಳೆಯ ಮೇಲೆ ಬೆರಳಿಟ್ಟು ಉಬ್ಬಿದ ಗೆರೆ ಹುಡುಕು. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಕೆಳಗೆ ಎಣಿಸಿ ನಾಲ್ಕನೇ ಸಂದಿಗೆ ಬಾ. ಹೆಂಗಸರಿಗೆ ವಿ4 ಸ್ತನದ ಮೇಲಲ್ಲ, ಕೆಳಗೆ. ಸಂಕೋಚಕ್ಕೆ ಬಟ್ಟೆ ಸರಿಸದೆ ತೆಗೆದ ಇಸಿಜಿ ಏನೂ ಹೇಳುವುದಿಲ್ಲ, ಪರದೆ ಎಳೆದು ತೆಗೆಸು. ಜೆಲ್ಲಿಯನ್ನು ಒಂದೇ ಪಟ್ಟಿಯಾಗಿ ಬಳಿದರೆ ಆರೂ ಲೀಡ್ (ಒಂದೊಂದು ಕೋನದಿಂದ ಹೃದಯ ತೋರಿಸುವ ಗೆರೆ) ಒಂದೇ ಥರ ಕಾಣುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಚುಕ್ಕೆ ಸಾಕು. ಕೈಕಾಲಿನ ವೈರುಗಳಲ್ಲಿ ಕೆಂಪು ಬಲಗೈ, ಹಳದಿ ಎಡಗೈ, ಹಸಿರು ಎಡಗಾಲು, ಕಪ್ಪು ಬಲಗಾಲು. ಈ ವೈರುಗಳಿಂದ ಬರುವ ಲೀಡ್‌ಗಳಲ್ಲಿ ಲೀಡ್ 1 ತಲೆಕೆಳಗಾಗಿ ಎವಿಆರ್ ಮೇಲೆದ್ದಿದ್ದರೆ ಕೈಗಳ ವೈರು ಅದಲುಬದಲಾಗಿವೆ ಅಂತ ತಿಳಿ. ಆ ಕಾಗದ ದಿನ ಕಳೆದಂತೆ ಮಾಸುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು, ಗಂಟೆ ಬರೆದಿಟ್ಟುಕೊ.

ಓದುವಾಗ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿ.ಮೀ. ಎಸ್‌ಟಿ ಏರಿಕೆ (ಬಡಿತದ ಚೂಪು ಅಲೆಗೂ ಕೊನೆಯ ಟಿ ಅಲೆಗೂ ನಡುವಿನ ಗೆರೆ ಮೇಲೇಳುವುದು) ಲೆಕ್ಕಕ್ಕೆ ಬರುತ್ತದೆ. ವಿ2, ವಿ3ರಲ್ಲಿ ಮಾತ್ರ ಹೆಂಗಸರಿಗೆ 1.5, 40 ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕವರಿಗೆ 2.5 ಮಿ.ಮೀ. ಬೇಕು. ಹೃದಯದ ಕೆಳಗೋಡೆ ತೋರಿಸುವ ಲೀಡ್ 2, 3, ಎವಿಎಫ್ ಏರಿದ್ದರೆ ತಕ್ಷಣ ಎದೆಯ ಬಲಗಡೆಗೆ ಬಲ್ಬ್ ಇಟ್ಟು ವಿ4ಆರ್ ತೆಗೆಸು. ಹೃದಯದ ಬಲ ಕುಹರಕ್ಕೂ ಪೆಟ್ಟು ಬಿದ್ದಿದ್ದರೆ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಕೊಟ್ಟ ಕೂಡಲೇ ಬಿಪಿ ಕುಸಿಯುತ್ತದೆ. ಅವರಿಗೆ ಬೇಕಾದ್ದು ಸಲೈನ್: ಶ್ವಾಸಕೋಶ ಸ್ವಚ್ಛವಾಗಿದ್ದರೆ 250 ಎಂಎಲ್ ಕೊಟ್ಟು ಮತ್ತೆ ಬಿಪಿ ನೋಡು. ವಿ1ರಿಂದ ವಿ3ರವರೆಗೆ ಎಸ್‌ಟಿ ಇಳಿದಿದ್ದರೆ ಬೆನ್ನಿನ ಕಡೆ ವಿ7ರಿಂದ ವಿ9 ತೆಗೆಸು, ಅಲ್ಲಿ ಅರ್ಧ ಮಿ.ಮೀ. ಏರಿದ್ದರೂ ಅದು ಹಿಂಗೋಡೆಯ ಅಟ್ಯಾಕ್.

ಎಸ್‌ಟಿ ಏರಿರುವುದು ಖಚಿತವಾದರೆ ಹೃದಯಕ್ಕೆ ಪೆಟ್ಟು ಬಿದ್ದದ್ದನ್ನು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಗೆ ಕಾಯಬೇಡ. ಆಸ್ಪಿರಿನ್ 325 ಮಿ.ಗ್ರಾಂ. ಅಗಿಸು, ನುಂಗಿಸಬೇಡ. ಆಸ್ಪಿರಿನ್ ಹಾಗೇ ಹೆಪ್ಪುಗಟ್ಟುವುದನ್ನು ತಡೆಯುವ ಕ್ಲೋಪಿಡೋಗ್ರೆಲ್ 300 ಮಿ.ಗ್ರಾಂ., ವಯಸ್ಸು 75 ದಾಟಿದ್ದರೆ 75 ಮಿ.ಗ್ರಾಂ. ಮಾತ್ರ. ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ 80 ಮಿ.ಗ್ರಾಂ. ಆಮ್ಲಜನಕ ಎಲ್ಲರಿಗೂ ಬೇಡ, ರಕ್ತದಲ್ಲಿ ಅದರ ಮಟ್ಟ (ಸ್ಯಾಚುರೇಷನ್) ಶೇ. 90ಕ್ಕಿಂತ ಇಳಿದಿದ್ದರೆ ಮಾತ್ರ. ಸಾರ್ಬಿಟ್ರೇಟ್ ನಾಲಿಗೆ ಕೆಳಗಿಡುವ ಮುಂಚೆ ಸಿಸ್ಟಾಲಿಕ್ ಬಿಪಿ 90ಕ್ಕಿಂತ ಮೇಲಿದೆಯೇ ನೋಡು, ಸಿಲ್ಡೆನಾಫಿಲ್ ಥರದ ಲೈಂಗಿಕ ಶಕ್ತಿಯ ಮಾತ್ರೆ ತಗೊಂಡಿದ್ದಾರೆಯೇ ಅಂತ ಮನೆಯವರಿಲ್ಲದಾಗ ಕೇಳು. ನೋವಿಗೆ ಅಂತ ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚಲು ಯಾರಿಗೂ ಬಿಡಬೇಡ. ಆ ಔಷಧಿ ಹೃದಯಕ್ಕೂ ಒಳ್ಳೆಯದಲ್ಲ, ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಚುಚ್ಚಿದ ಜಾಗದಲ್ಲಿ ರಕ್ತ ತುಂಬಿಕೊಳ್ಳುತ್ತದೆ.

120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಬಲೂನ್ ಹಾಕಿ ನಾಳ ತೆರೆಯುವುದು) ಆಗುವಂತಿಲ್ಲ ಅಂದರೆ, ನೋವು ಶುರುವಾಗಿ 12 ಗಂಟೆ ದಾಟಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ನಿಮ್ಮಲ್ಲೇ ಬೀಳಬೇಕು. ಮೊಳಕಾಲ್ಮೂರಿನಿಂದ ಆ ಹೊತ್ತಿಗೆ ತಲುಪಿ ಬಲೂನ್ ಹಾಕಿಸುವುದು ಆಗದ ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಅನ್ನುವ ಆ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ಕೊಡುತ್ತಿರುವುದೇ ಇದಕ್ಕೆ. ಇಸಿಜಿ ಕಳಿಸಿ ಹಬ್‌ನ (ಯೋಜನೆಯಲ್ಲಿ ಸಲಹೆ ಕೊಡುವ ದೊಡ್ಡಾಸ್ಪತ್ರೆಯ) ತಜ್ಞರ ಜೊತೆ ಮಾತಾಡು. ಆದರೆ ಫೋನ್ ಹಿಡಿದಿರುವಾಗಲೇ ಎರಡು ಕೈಗೂ ಬಿಪಿ ನೋಡಿಸು. 20ಕ್ಕಿಂತ ಹೆಚ್ಚು ವ್ಯತ್ಯಾಸ, ಬೆನ್ನು ಸೀಳಿದಂಥ ನೋವು, ಎಕ್ಸ್‌ರೇಯಲ್ಲಿ ಅಗಲವಾದ ಮೀಡಿಯಾಸ್ಟೈನಮ್ (ಎರಡು ಶ್ವಾಸಕೋಶಗಳ ನಡುವಿನ ಜಾಗ) ಕಂಡರೆ ಮಹಾಧಮನಿಯೇ ಸೀಳಿರಬಹುದು, ಅಂಥವರಿಗೆ ಈ ಇಂಜೆಕ್ಷನ್ ಪ್ರಾಣ ತೆಗೆಯುತ್ತದೆ. ಹಿಂದೆ ಯಾವಾಗಲಾದರೂ ಮೆದುಳಲ್ಲಿ ರಕ್ತಸ್ರಾವ, ಇತ್ತೀಚೆಗೆ ಲಕ್ವ, ತಲೆಗೆ ಏಟು, ಈಗ ಎಲ್ಲಾದರೂ ರಕ್ತ ಸೋರುವುದು ಇದೆಯೇ ಕೇಳು. ಬಿಪಿ 180/110ರ ಮೇಲಿದ್ದರೆ ಮೊದಲು ಇಳಿಸು.

ಟೆನೆಕ್ಟೆಪ್ಲೇಸ್ ಡೋಸ್ ತೂಕದ ಮೇಲೆ. 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ., ಅಲ್ಲಿಂದ ಪ್ರತಿ 10 ಕೆ.ಜಿ.ಗೆ 5 ಏರಿಸುತ್ತಾ 90 ಮತ್ತು ಮೇಲ್ಪಟ್ಟವರಿಗೆ 50. ವಯಸ್ಸು 75 ದಾಟಿದ್ದರೆ ಅರ್ಧ ಸಾಕೇ ಅಂತ ತಜ್ಞರನ್ನು ಕೇಳು. ಬಾಟಲಿ ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸು. ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಓಡುತ್ತಿದ್ದ ಲೈನಿನಲ್ಲಿ ಔಷಧಿ ಗಟ್ಟಿಯಾಗುತ್ತದೆ, ಮುಂಚೆ ಆಮೇಲೆ ಎರಡೂ ಸಲ ಸಲೈನ್ ಹಾಕಿ ತೊಳೆ. ಐದು ಸೆಕೆಂಡಿನಲ್ಲಿ ಒಂದೇ ಬಾರಿಗೆ ಕೊಡು. ಜೊತೆಗೆ ಮತ್ತೆ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಾಪರಿನ್ ಕೂಡ ಬೇಕು, ಡೋಸ್ ವಯಸ್ಸು, ಕಿಡ್ನಿ ನೋಡಿ.

ಆಮೇಲೆ ಮಾನಿಟರ್ ಬಿಟ್ಟು ಏಳಬೇಡ. ರಕ್ತನಾಳ ತೆರೆದಾಗ ಲಯ ತಪ್ಪುವುದುಂಟು. ನಿಧಾನವಾದ, ಅಗಲವಾದ ಬಡಿತದ ಅಲೆಗಳು (ಕಾಂಪ್ಲೆಕ್ಸ್) ಬಂದು ಬಿಪಿ ಚೆನ್ನಾಗಿದ್ದರೆ ಔಷಧಿ ಬೇಡ, ತಾನೇ ಹೋಗುತ್ತದೆ. ವಿಎಫ್ (ಕುಹರ ಬಡಿಯದೆ ಬರೀ ನಡುಗುವುದು) ಆದರೆ ಶಾಕ್ ಕೊಡಬೇಕು, ಯಂತ್ರ ಬೈಫೇಸಿಕ್ ಆದರೆ 200 ಜೂಲ್. 60ರಿಂದ 90 ನಿಮಿಷಕ್ಕೆ ಮತ್ತೆ ಇಸಿಜಿ ತೆಗೆಸು. ಏರಿದ್ದ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿರಬೇಕು, ಇಲ್ಲದಿದ್ದರೆ ನಾಳ ತೆರೆದಿಲ್ಲ. ಹಾಗಂತ ಆ 90 ನಿಮಿಷ ನಿಮ್ಮ ವಾರ್ಡಿನಲ್ಲೇ ಕಳೆಯಬೇಡ: ಇಂಜೆಕ್ಷನ್ ಮುಗಿದ ಕೂಡಲೇ ಶಾಕ್ ಕೊಡುವ ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್‌ನಲ್ಲಿ ಕ್ಯಾಥ್ ಲ್ಯಾಬ್ ಇರುವ ಕಡೆಗೆ ಹೊರಡಿಸು. ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಬೇಕು.

ಎಲ್ಲಕ್ಕಿಂತ ನನಗೆ ಆತಂಕ ಇರುವುದು ಇಸಿಜಿ ನಾರ್ಮಲ್ ಬಂದವರ ಬಗ್ಗೆ. ನೋವು ಇನ್ನೂ ಇದ್ದರೆ ಮೊದಲ ಗಂಟೆಯಲ್ಲಿ 15-30 ನಿಮಿಷಕ್ಕೊಮ್ಮೆ ಮತ್ತೆ ತೆಗೆಸು, ಹಳೆಯದರ ಪಕ್ಕ ಹೊಸದನ್ನಿಟ್ಟು ನೋಡು. ನೋವು ಶುರುವಾಗಿ ಒಂದು ಗಂಟೆಗೇ ಮಾಡಿದ ಟ್ರೋಪೋನಿನ್ ಕಾರ್ಡ್ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ, 3ರಿಂದ 6 ಗಂಟೆ ಬಿಟ್ಟು ಇನ್ನೊಂದು ಮಾಡಿಸು. ನೋವು ಪೂರ್ತಿ ನಿಂತಿದೆ, ಆದರೆ ವಿ2, ವಿ3ರಲ್ಲಿ ಟಿ ಅಲೆ ಆಳವಾಗಿ ತಲೆಕೆಳಗಾಗಿದೆ ಅಂದರೆ ಮುಂಭಾಗದ ದೊಡ್ಡ ನಾಳ ಮುಚ್ಚುವ ಅಂಚಿನಲ್ಲಿರಬಹುದು. ಅವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಬಾರದು, ಮನೆಗೂ ಕಳಿಸಬಾರದು. 'ಬೆಳಿಗ್ಗೆ ಹೊಲಕ್ಕೆ ಹೋಗಬೇಕು, ಬಿಟ್ಟುಬಿಡಿ' ಅಂತ ಕೈಮುಗಿದರೂ ಬೆಳಗಿನವರೆಗೆ ಮಂಚ ಕೊಡು. ಮನೆಯವರನ್ನು ಕೂರಿಸಿ ಯಾಕೆ ಅಂತ ಬಿಡಿಸಿ ಹೇಳು. ಅಷ್ಟಾದರೂ ಹೋಗುತ್ತೇವೆ ಅಂದರೆ ಆಸ್ಪಿರಿನ್ ಕೊಟ್ಟು, ಇಸಿಜಿ ಪ್ರತಿ ಕೈಗಿಟ್ಟು, ನೋವು ತಿರುಗಿ ಬಂದರೆ ಯಾವ ಹೊತ್ತಾದರೂ 108ಕ್ಕೆ ಫೋನ್ ಮಾಡಿ ಅಂತ ತಿಳಿಸಿ, ಹೇಳಿದ್ದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆ.

ಡ್ಯೂಟಿ ಹಿಡಿದ ಕೂಡಲೇ ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯೇ, ಟೆನೆಕ್ಟೆಪ್ಲೇಸ್ ಎಷ್ಟಿದೆ, ಅದರ ಬೀರುವಿನ ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ, ಇಸಿಜಿ ರೋಲ್ ಇದೆಯೇ ನೋಡಿಕೊ. ಹಬ್‌ನ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸು.

ನಿನ್ನ
ಅಮ್ಮ