ನಲವತ್ತೆರಡು ಗ್ರಾಂ

ಮೈಂಜ್, ಜರ್ಮನಿ
ಜುಲೈ 27

ಪ್ರೀತಿಯ ಅಜ್ಜಿಗೆ ನಿನ್ನ ಪುಟ್ಟಿಯ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನ ಮಂಡಿನೋವು ಈಗ ಪರವಾಗಿಲ್ಲ ಅಂತ ಅಮ್ಮ ಹೇಳಿದಳು. ಮಳೆ ಕಡಿಮೆಯಾದ ಮೇಲೆ ಮೊದಲಿನ ಹಾಗೆ ಗುಡಿಯವರೆಗೆ ನಡೆದು ಹೋಗುವಂತಾಗಲಿ. ಈ ಕಾಗದವನ್ನು ತಮ್ಮನ ಕೈಲಿ ಓದಿಸು. ಅವನು ಅರ್ಧ ಸಾಲು ನುಂಗಿ ಓದುತ್ತಾನೆ, ನಿಧಾನವಾಗಿ ಓದು ಅಂತ ಹೇಳು.

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ. "ಅದೇನೇ, ಹಕ್ಕಿಮರಿ ಸಾಕಿದ್ದೀಯಂತೆ, ಅದಕ್ಕೆ ಹುಳ ತಿನ್ನಿಸ್ತೀಯಂತೆ? ಹಾಲು ಅನ್ನ ಕೊಟ್ರೆ ಆಗಲ್ವಾ?" ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಇವತ್ತು ಭಾನುವಾರ, ಕೂತು ಬರೆಯುತ್ತಿದ್ದೇನೆ.

ಜೂನ್ ಕೊನೆಯಲ್ಲಿ ಇಲ್ಲಿ 37 ಡಿಗ್ರಿ ಬಿಸಿಲು. ನಮ್ಮ ಬೀದಿಯ ಹಳೇ ಮನೆಗಳ ಹೆಂಚಿನ ಸಂದಿಯಲ್ಲಿ ಒಂದು ಹಕ್ಕಿ ಗೂಡು ಮಾಡುತ್ತದೆ. ಮೌವರ್‌ಜೇಗ್ಲರ್ ಅಂತ ಹೆಸರು. ನಮ್ಮ ಬಾನಾಡಿಯ ದಾಯಾದಿ ಅನ್ನು. ನಮ್ಮ ಗುಡಿಯ ಗೋಪುರದ ಅಡಿಯಲ್ಲಿ ಗರಿ, ಹುಲ್ಲು ಎಲ್ಲ ಎಂಜಲಿನಲ್ಲೇ ಅಂಟಿಸಿ ಗೂಡು ಕಟ್ಟಿ, ಸಂಜೆ ಹೊತ್ತು ಕಿರುಚಿಕೊಂಡು ಗುಂಪಾಗಿ ಸುತ್ತುತ್ತವಲ್ಲ, ಅದೇ ಜಾತಿ. ಇದು ಅದಕ್ಕಿಂತ ದೊಡ್ಡದು, ಸೊಂಟದ ಮೇಲಿನ ಬಿಳಿ ಪಟ್ಟಿ ಇಲ್ಲ, ಮೈಯೆಲ್ಲ ಮಸಿಗಪ್ಪು. ಮೇ ಮೊದಲಲ್ಲಿ ಆಫ್ರಿಕಾದಿಂದ ಬರುತ್ತದೆ, ಆಗಸ್ಟ್ ಹೊತ್ತಿಗೆ ಹೊರಟೇಬಿಡುತ್ತದೆ. ಇಲ್ಲಿಗೆ ಮೂರು ತಿಂಗಳ ನೆಂಟ.

ಬಿಸಿಲಿಗೆ ಹೆಂಚು ಕಾದು ಗೂಡು ಒಲೆಯಂತಾದಾಗ ಮರಿಗಳು ಗಾಳಿಗೋಸ್ಕರ ಸಂದಿಯ ಬಾಯಿಗೆ ತೆವಳಿ ಬರುತ್ತವೆ. ಬಂದು ಬಿದ್ದುಬಿಡುತ್ತವೆ. ಹಾಗೆ ಬಿದ್ದ ಒಂದು ಮರಿ ನಮ್ಮ ಕಸದ ಡಬ್ಬಿಗಳ ಪಕ್ಕ, ಗೋಡೆಯ ಬುಡಕ್ಕೆ ಮೂತಿ ಒತ್ತಿಕೊಂಡು ಕೂತಿತ್ತು. ಮೂರು ವಾರದ ಮರಿ. ಅರ್ಧ ಗರಿ ಬಿಚ್ಚಿತ್ತು, ಇನ್ನರ್ಧ ಇನ್ನೂ ನೀಲಿ ಕಡ್ಡಿ. ಕಾಲು ನೋಡಿದರೆ ನೀನು ಅಯ್ಯೋ ಅಂತಿದ್ದೆ. ಗುಬ್ಬಿಯ ಹಾಗೆ ಕುಪ್ಪಳಿಸಲು ಆಗಲ್ಲ. ನಾಲ್ಕು ಬೆರಳೂ ಮುಂದಕ್ಕೆ, ಉಗುರು ಗುಂಡುಸೂಜಿಯ ಮೊನೆಯಂತೆ. ಗೋಡೆ ಕಚ್ಚಿ ಹಿಡಿಯಲು ಮಾತ್ರ ಅದು. ಗೂಡು ನಾಲ್ಕನೇ ಮಹಡಿಯ ಮೇಲೆ, ಏಣಿ ಸಾಲುವುದಿಲ್ಲ. ವಾಪಸ್ ಇಡುವ ದಾರಿ ಇರಲಿಲ್ಲ.

ಪಕ್ಕದ ಬೀದಿಯಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಎಷ್ಟೋ ಬೇಸಿಗೆಗಳಿಂದ ಈ ಮರಿಗಳನ್ನು ಸಾಕಿ ಬಿಡುತ್ತಾರೆ. ನಾನು ಅವರನ್ನು ಮನಸ್ಸಿನಲ್ಲೇ ಹಕ್ಕಿ ಅತ್ತೆ ಅಂತ ಕರೆಯುತ್ತೇನೆ. ಮರಿ ತೆಗೆದುಕೊಂಡು ಅವರ ಬಾಗಿಲಿಗೆ ಓಡಿದೆ. ಅವರು ಕೇಳಿದ ಮೊದಲ ಮಾತು, "ನೀರು ಕುಡಿಸಿದ್ಯಾ?" ಇಲ್ಲ ಅಂದೆ. "ಸದ್ಯ" ಅಂದರು. ಹಕ್ಕಿಯ ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದಂತೆ. ಕೊಕ್ಕಿಗೆ ಹನಿ ಹಾಕಿದರೆ ನೇರ ಶ್ವಾಸಕ್ಕೆ ಇಳಿಯಬಹುದು. ಆಮೇಲೆ ಹಾಲಿನ ಮಾತು ಬಂತು. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಗಳಲ್ಲ, ಅವಕ್ಕೆ ಹಾಲು ಅರಗುವುದಿಲ್ಲ, ಕೊಟ್ಟರೆ ಭೇದಿಯಾಗಿ ಒಣಗಿ ಸಾಯುತ್ತವೆ ಅಂದರು.

ಅಜ್ಜಿ, ಆವಾಗ ನನಗೆ ಮಲ್ಲಿಗೆ ಚಪ್ಪರದ ಪಿಕಳಾರ ನೆನಪಾಯಿತು.

ನಾನು ಎರಡನೇ ಕ್ಲಾಸಿನಲ್ಲಿದ್ದೆ. ಗಾಳಿಮಳೆಗೆ ಗೂಡಿನಿಂದ ಬಿದ್ದಿತ್ತು. ನಾನೇ ಎತ್ತಿಕೊಂಡು ಬಂದೆ. ನೀನು ಮಂಕರಿಯಲ್ಲಿ ಹತ್ತಿ ಹಾಸಿ ಇಟ್ಟೆ. ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ, ಒಂದೊಂದೇ ಹನಿ ಬಾಯಿಗೆ ಬಿಟ್ಟೆ. ರಾತ್ರಿ ಎರಡು ಸಲ ಎದ್ದು ನೋಡಿದೆ, ನನಗೆ ಗೊತ್ತು. ಮಾರನೇ ಬೆಳಗ್ಗೆ ಅದು ತಣ್ಣಗಾಗಿತ್ತು. ದಾಸವಾಳದ ಬುಡದಲ್ಲಿ ಇಬ್ಬರೂ ಮಣ್ಣು ಮಾಡಿದೆವು. "ಮನುಷ್ಯರ ಕೈ ತಾಗಿದ ಮರೀನ ತಾಯಿ ಸೇರಿಸಲ್ಲ, ಪುಟ್ಟಿ" ಅಂತ ನೀನು ಸಮಾಧಾನ ಹೇಳಿದೆ. ನನಗೆ ಅದು ಬೇರೆ ಥರ ಕೇಳಿಸಿತ್ತು. ನಾನು ಮುಟ್ಟಿದ್ದಕ್ಕೇ ಸತ್ತಿತು ಅಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.

ಆ ಮಾತು ನಿಜವಲ್ಲವಂತೆ ಅಜ್ಜಿ. ಮನುಷ್ಯರ ಕೈ ತಾಗಿತು ಅಂತ ಹಕ್ಕಿ ತನ್ನ ಮರಿಯನ್ನು ಬಿಡುವುದಿಲ್ಲ. ಆವತ್ತು ತಾಯಿ ಹಕ್ಕಿ ಎಲ್ಲೂ ಹೋಗಿರಲಿಲ್ಲ. ಕಾಂಪೌಂಡಿನ ಮೇಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ ಕೂತು ಸಂಜೆವರೆಗೂ ಕೂಗುತ್ತಿತ್ತು. ನಿನಗೂ ನೆನಪಿರಬೇಕು. ನಾವು ಮರಿಯನ್ನು ಚಪ್ಪರದ ಮೇಲೇ ಇಟ್ಟು ದೂರ ಬಂದಿದ್ದರೆ ಅದೇ ಬಂದು ನೋಡಿಕೊಳ್ಳುತ್ತಿತ್ತು. ಇದನ್ನು ನಿನ್ನ ತಪ್ಪು ಅಂತ ಹೇಳುತ್ತಿಲ್ಲ. ನಿನ್ನಷ್ಟು ಅಕ್ಕರೆಯಿಂದ ಆ ಮರಿಯನ್ನು ಇನ್ಯಾರು ನೋಡುತ್ತಿದ್ದರು? ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ. ಆದರೆ ಮುಟ್ಟಿದ್ದಕ್ಕೆ ಸಾಯಲಿಲ್ಲ ಅಂತ ತಿಳಿದಾಗ ಹಕ್ಕಿ ಅತ್ತೆಯ ಅಡುಗೆಮನೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಅವರು ಏನು ಅಂತ ಕೇಳಲಿಲ್ಲ. ಒಂದು ಲೋಟ ನೀರು ಕೊಟ್ಟರು.

ಈಗ ಹುಳದ ವಿಷಯ. ದೊಡ್ಡ ಬಾನಾಡಿಗಳು ಹಾರುತ್ತಲೇ ನೂರಾರು ಪುಟಾಣಿ ಹುಳ ಹಿಡಿದು, ಗಂಟಲಲ್ಲಿ ಉಂಡೆ ಕಟ್ಟಿ ಮರಿಗೆ ತಂದು ಕೊಡುತ್ತವೆ. ಆ ಉಂಡೆ ನಮ್ಮ ಕೈಲಿ ಆಗಲ್ಲ. ಅದರ ಬದಲಿಗೆ ಚಿಮ್ಮಂಡೆ. ರಾತ್ರಿ ಹಿತ್ತಿಲಲ್ಲಿ ಚಿರ್ ಅನ್ನುತ್ತದಲ್ಲ, ಅದೇ. ಇಲ್ಲಿ ಅಂಗಡಿಯಲ್ಲಿ ಹೆಪ್ಪುಗಟ್ಟಿಸಿ ಮಾರುತ್ತಾರೆ. ಅಡುಗೆಮನೆಯಲ್ಲಿ ಇಡಲಿಲ್ಲ, ನೆಲಮಾಳಿಗೆಯಲ್ಲಿ ಬೇರೆ ಫ್ರೀಜರ್ ಇದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು, ಮುಳ್ಳು ಇರುವ ಹಿಂಗಾಲು ಕಿತ್ತು, ಕಾಗದದಲ್ಲಿ ಒತ್ತಿ ಒರೆಸಿ ಕೊಡಬೇಕು.

ಬಾಯಿ ತೆಗೆಸುವುದೇ ಕಷ್ಟ. ಗುಬ್ಬಿ ಮರಿಯ ಹಾಗೆ ಇದು ಬಾಯಿ ಕಳೆಯುವುದಿಲ್ಲ. ಎಡಗೈಯಲ್ಲಿ ಮೆಲ್ಲಗೆ ಹಿಡಿದು, ಉಗುರಿನ ತುದಿಯನ್ನು ಕೊಕ್ಕಿನ ಪಕ್ಕಕ್ಕೆ ತಾಗಿಸಿ, ತೆರೆದ ಕೂಡಲೇ ಹುಳವನ್ನು ಒಳಗೆ, ಗಂಟಲ ಹತ್ತಿರಕ್ಕೆ ಇಡಬೇಕು. ಕೊಕ್ಕು ಮೇಣದಷ್ಟು ಮೆತ್ತಗೆ. ಒತ್ತಿದರೆ ಮುರಿಯುತ್ತದೆ. ಮೊದಲ ದಿನ ಒಂದು ಹುಳಕ್ಕೆ ಐದು ನಿಮಿಷ ಹಿಡಿಯಿತು. ನಾಲ್ಕನೇ ದಿನ ಅದೇ ನನ್ನ ಬೆರಳನ್ನು ಗಬಕ್ ಅಂತ ಹಿಡಿಯಿತು. ಬೆರಳಿನ ತುದಿ ಪೂರ್ತಿ ಅದರ ಬಾಯೊಳಗೆ, ಒದ್ದೆಯಾಗಿ, ಬೆಚ್ಚಗೆ. ಅಷ್ಟು ಪುಟ್ಟ ಮುಖಕ್ಕೆ ಅಷ್ಟು ದೊಡ್ಡ ಬಾಯಿ ಎಲ್ಲಿಂದ ಬರುತ್ತದೋ ಅಂತ ಇವರೂ ಬಂದು ನೋಡಿದರು.

ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಒಂದೂವರೆ ಗಂಟೆಗೊಮ್ಮೆ. ದಿನಕ್ಕೆ ಐವತ್ತು ಅರವತ್ತು ಹುಳ. ನಾನು ಮನೆಯಿಂದಲೇ ಕೆಲಸ ಮಾಡಿದೆ. ಆಫೀಸಿಗೆ ಹೋಗಲೇಬೇಕಾದ ದಿನ ಇವರು ನೋಡಿಕೊಂಡರು. ಲೆಕ್ಕ ಹಾಕಿದರೆ ಒಂದು ಹಕ್ಕಿಗೆ ಸಾವಿರಕ್ಕೂ ಜಾಸ್ತಿ ಹುಳ. ನೀನು ಕೇಳಿದ್ದು ಇದನ್ನೇ ಅಲ್ವಾ? ಮೊದಲ ದಿನ ನನ್ನ ಕೈಯೂ ನಡುಗಿತು. ಆದರೆ ಈ ಹಕ್ಕಿ ಹುಟ್ಟಿರುವುದೇ ಹುಳ ತಿನ್ನಲು. ನಮ್ಮ ಮಡಿಯನ್ನು ಅದರ ಮೇಲೆ ಹೇರಿದರೆ ಅದು ಸಾಯುತ್ತದೆ. ಸಾಕುತ್ತೇನೆ ಅಂತ ಕೈಗೆತ್ತಿಕೊಂಡ ಮೇಲೆ ಅದರ ಊಟವನ್ನೇ ಕೊಡಬೇಕು. ನನಗೆ ಹೊಳೆದದ್ದು ಇಷ್ಟು. ನೀನು ಒಪ್ಪದಿದ್ದರೂ ಬೇಜಾರಿಲ್ಲ, ಬಂದಾಗ ಜಗಲಿಯಲ್ಲಿ ಕೂತು ಮಾತಾಡೋಣ.

ಪಂಜರದಲ್ಲಿ ಇಡುವ ಹಾಗಿಲ್ಲ, ಸರಳಿಗೆ ತಾಗಿ ಗರಿ ಮುರಿಯುತ್ತದೆ. ರಟ್ಟಿನ ಡಬ್ಬ, ಒಳಗೆ ಮೆತ್ತನೆ ಕಾಗದ, ಊಟ ಆದಾಗಲೆಲ್ಲ ಕಾಗದ ಬದಲಾವಣೆ. ಗರಿಯ ಬಗ್ಗೆ ಯಾಕೆ ಇಷ್ಟು ಜೋಪಾನ ಅಂದರೆ, ಈ ರೆಕ್ಕೆಯ ಗರಿಗಳು ಒಂದು ವರ್ಷಕ್ಕೂ ಮೀರಿ ಬದಲಾಗುವುದಿಲ್ಲ. ಆಫ್ರಿಕಾಕ್ಕೆ ಹೋಗಬೇಕು, ಬರಬೇಕು, ಎಲ್ಲ ಇದರಲ್ಲೇ.

ಎರಡನೇ ವಾರ ಹಕ್ಕಿ ಅತ್ತೆ ಇನ್ನೊಂದು ಮರಿ ತಂದು ಇದರ ಪಕ್ಕ ಇಟ್ಟರು. ಯಾರೋ ಒಳ್ಳೇ ಮನಸ್ಸಿನವರು ಹತ್ತು ದಿನ ಕೊಚ್ಚಿದ ಮಾಂಸ ತಿನ್ನಿಸಿ ಸಾಕಿದ್ದರಂತೆ. ಎರಡೂ ಒಂದಕ್ಕೊಂದು ಅಂಟಿ, ಒಂದರ ಕತ್ತಿನ ಮೇಲೆ ಇನ್ನೊಂದು ಗಲ್ಲ ಇಟ್ಟು ಮಲಗಿದವು. ಆ ಎರಡನೆಯದರ ಗರಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಡ್ಡಕ್ಕೆ ಸಣ್ಣ ಸಣ್ಣ ಗೆರೆ, ನೇಯುವಾಗ ಎಳೆ ತಪ್ಪಿದ ಸೀರೆಯ ಹಾಗೆ. ಹಸಿವಿನ ಗೆರೆ ಅಂತಾರೆ. ಗರಿ ಬೆಳೆಯುವಾಗ ಸರಿಯಾದ ಊಟ ಸಿಗದ ಗುರುತು. ಗರಿ ಅಲ್ಲೇ ಮುರಿಯುತ್ತದೆ. ಮುಟ್ಟುತ್ತಿದ್ದ ಹಾಗೇ ಒಂದು ನನ್ನ ಕೈಗೆ ಬಂತು. ನಮ್ಮ ಬತ್ತಿಯ ಹಾಲೂ ಹೀಗೇ ಅಲ್ವಾ ಅಜ್ಜಿ, ಪ್ರೀತಿಯಿಂದಲೇ ಕೊಟ್ಟದ್ದು.

ಅದನ್ನು ಫ್ರಾಂಕ್‌ಫರ್ಟಿಗೆ ಕರೆದುಕೊಂಡು ಹೋದೆವು. ಅಲ್ಲಿ ಈ ಒಂದು ಜಾತಿಯ ಹಕ್ಕಿಗೆ ಅಂತಲೇ ಆಸ್ಪತ್ರೆ ಇದೆ, ನಂಬುತ್ತೀಯಾ? ಸತ್ತ ಬಾನಾಡಿಗಳ ಒಳ್ಳೆಯ ಗರಿ ಎತ್ತಿಟ್ಟುಕೊಂಡಿರುತ್ತಾರೆ. ಮುರಿದ ಗರಿಯ ಬುಡಕ್ಕೆ ಅದನ್ನು ಒಂದೊಂದಾಗಿ ಜೋಡಿಸಿ ಕೂರಿಸುತ್ತಾರೆ. ನಮ್ಮ ಮರಿ ಇನ್ನೂ ಅಲ್ಲೇ ಇದೆ.

ಮೊದಲನೆಯದು ಮಾತ್ರ ದಿನದಿನಕ್ಕೆ ತುಂಬಿಕೊಂಡಿತು. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ತೂಗುತ್ತಿದ್ದೆ. ಬಂದಾಗ 27 ಗ್ರಾಂ. ಆಮೇಲೆ 33, 40, ಒಂದು ದಿನ 48. ಅಲ್ಲಿಂದ ಊಟ ಬೇಡ ಅನ್ನತೊಡಗಿತು. ನನಗೆ ಗಾಬರಿ. ಹಾರುವ ಮುಂಚೆ ಹಾಗೇ, ತಾನಾಗೇ ಮೈ ಇಳಿಸಿಕೊಳ್ಳುತ್ತದೆ ಅಂದರು ಹಕ್ಕಿ ಅತ್ತೆ. ಅದೇ ದಿನಗಳಲ್ಲಿ ಅದು ಕಸರತ್ತು ಮಾಡುತ್ತಿತ್ತು. ಎರಡೂ ರೆಕ್ಕೆಯ ತುದಿ ನೆಲಕ್ಕೆ ಊರಿ, ಇಡೀ ಮೈಯನ್ನು ಎತ್ತಿ, ನಡುಗುತ್ತಾ ಹಾಗೇ ನಿಲ್ಲುವುದು. ಗರಡಿಮನೆಯಲ್ಲಿ ದಂಡ ಹೊಡೆಯುತ್ತಾರಲ್ಲ, ಥೇಟ್ ಹಾಗೆ. ಯಾರು ಹೇಳಿಕೊಟ್ಟರು ಅದಕ್ಕೆ?

ಹೋದ ಭಾನುವಾರ 42 ಗ್ರಾಂ ಇತ್ತು. ರೆಕ್ಕೆ ಬಾಲ ದಾಟಿ ಕತ್ತರಿಯ ಹಾಗೆ ಹೆಣೆದುಕೊಂಡಿತ್ತು. ಊರ ಹೊರಗೆ ಒಂದು ದೊಡ್ಡ ಹುಲ್ಲುಗಾವಲಿಗೆ ಹೋದೆವು. ಬಿದ್ದರೆ ಸಿಗುವಂತೆ ಹುಲ್ಲು ಕತ್ತರಿಸಿದ ಜಾಗವೇ ಬೇಕು. ಮೇಲೆ ಹತ್ತಾರು ಬಾನಾಡಿಗಳು ತಿರುಗುತ್ತಿದ್ದವು. ಮೇಲಕ್ಕೆ ಎಸೆಯಲೇಬಾರದು. ಅಂಗೈ ಚಪ್ಪಟೆ ಮಾಡಿ, ತಲೆಗಿಂತ ಎತ್ತರಕ್ಕೆ ಹಿಡಿದು ಕಾಯಬೇಕು. ನಾನು ಕಾದೆ. ಉಗುರು ನನ್ನ ಬೆರಳ ಸಂದಿಗೆ ಕಚ್ಚಿತ್ತು. ತಲೆ ಆ ಕಡೆ ಈ ಕಡೆ ತಿರುಗಿಸಿತು. ಮೈ ಇಂಜಿನ್ನಿನ ಹಾಗೆ ಸಣ್ಣಗೆ ಅದುರುತ್ತಿತ್ತು. ಕೈ ಸೋತು ಇಳಿಸಿಬಿಡಲಾ ಅಂತ ಅನ್ನಿಸುವಷ್ಟರಲ್ಲಿ ಅಂಗೈ ಖಾಲಿ. ಮೊದಲು ಸೊಂಟದ ಮಟ್ಟಕ್ಕೆ ಇಳಿಯಿತು, ನನ್ನ ಎದೆ ಧಸಕ್ಕೆಂದಿತು. ಆಮೇಲೆ ರೆಕ್ಕೆ ಬಡಿದು ಮೇಲೇರಿತು. ಒಂದು ಸುತ್ತು ಹಾಕಿತು. ಮೇಲಿನ ಗುಂಪಿಗೆ ಸೇರಿತು. ಯಾವುದು ನಮ್ಮದು ಅಂತ ಗುರುತು ಸಿಗಲಿಲ್ಲ.

ಅದು ಇನ್ನು ಎರಡು ವರ್ಷ ನೆಲ ಮುಟ್ಟದೆಯೂ ಇರಬಹುದಂತೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದ್ದಾರೆ. ಕೆಲವು ಹತ್ತು ತಿಂಗಳು ಒಮ್ಮೆಯೂ ಇಳಿಯದೆ ಹಾರುತ್ತಲೇ ಇದ್ದವು ಅಂತ 2016ರಲ್ಲಿ ಪ್ರಕಟಿಸಿದರು. ಊಟ, ನೀರು ಎಲ್ಲ ಗಾಳಿಯಲ್ಲೇ. ಈ ಹೊತ್ತಿಗೆ ನಮ್ಮದು ಸಮುದ್ರ ದಾಟುತ್ತಿರಬಹುದು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಗುಡಿಗೆ ಸುಣ್ಣಬಣ್ಣ ಮಾಡಿಸುತ್ತಾರೆ ಅಂತ ಅಮ್ಮ ಹೇಳಿದಳು. ಗೋಪುರದ ಅಡಿಯ ಬಾನಾಡಿ ಗೂಡುಗಳನ್ನು ಕೋಲಿನಲ್ಲಿ ಕೆಡವುವ ಮುಂಚೆ ಅರ್ಚಕರಿಗೆ ನೀನೇ ಒಂದು ಮಾತು ಹೇಳು. ಗೂಡಿನೊಳಗಿಂದ ಚಿಲಿಪಿಲಿ ಕೇಳುತ್ತಿದ್ದರೆ ಆ ಒಂದು ಮೂಲೆಯನ್ನು ಬಿಟ್ಟು ಉಳಿದದ್ದಕ್ಕೆ ಬಣ್ಣ ಹೊಡೆಯಲಿ, ಮರಿ ಹಾರಿದ ಮೇಲೆ ಅದನ್ನು ಮಾಡಿಕೊಳ್ಳಲಿ. ನಿನ್ನ ಮಾತು ಅವರು ತೆಗೆದುಹಾಕುವುದಿಲ್ಲ. ಮಲ್ಲಿಗೆ ಚಪ್ಪರದಲ್ಲಿ ಈಗಲೂ ಪಿಕಳಾರ ಬರುತ್ತಾ? ಮರಿ ಬಿದ್ದರೆ ತಮ್ಮನಿಗೆ ಹೇಳಿ ಗೂಡಿಗೇ ಇಡಿಸು. ಗೂಡು ಸಿಗದಿದ್ದರೆ ಒಂದು ಹಳೇ ಬುಟ್ಟಿಯನ್ನು ಅಲ್ಲೇ ಕೊಂಬೆಗೆ ಕಟ್ಟಿ ಅದರಲ್ಲಿ ಇಡಿಸು, ಬೆಕ್ಕು ಹತ್ತದ ಹಾಗೆ. ಆಮೇಲೆ ನೀನು ಜಗಲಿಯಿಂದ ನೋಡುತ್ತಾ ಇರು.

ಫ್ರಾಂಕ್‌ಫರ್ಟಿನಿಂದ ನಿನ್ನೆ ಫೋನ್ ಬಂದಿತ್ತು. ಎಡ ರೆಕ್ಕೆ ಆಗಿದೆಯಂತೆ, ಬುಧವಾರ ಬಲ ರೆಕ್ಕೆ.

ಇಂತಿ ನಿನ್ನ ಮೊಮ್ಮಗಳು,
ಪುಟ್ಟಿ