ಉಬೆಗೆ ಹೋಗಿ ಬರೀ ಸ್ಟೇಷನ್ ನೋಡಿ ಬರಬೇಕಾ?

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ಉಬೆ ಊರಿನ ಬಗ್ಗೆ ಬಂದ ಪ್ರವಾಸ ಲೇಖನದಿಂದ ನಮಗಾದ ಪಾಡು ಹೇಳಲೇಬೇಕು. ಮಗಳು ಅಳಿಯ ಇರುವುದು ಇದೇ ಊರಲ್ಲಿ, ಹಾಗಾಗಿ ನಾನು, ನಮ್ಮ ಮನೆಯವರು ಆಗಾಗ ಬಂದು ಇರುತ್ತೇವೆ. ಈ ಸಲ ಅಕ್ಕ ಭಾವನೂ ಬಂದಿದ್ದಾರೆ. ಇಲ್ಲಿನ ಟೋಕಿವಾ ಪಾರ್ಕಿಗೆ ಬಸ್ಸಲ್ಲಿ ಹೋಗೋಣ ಅಂದರೆ ಭಾವ ಕೇಳಲಿಲ್ಲ. ಟೋಕಿವಾ ಸ್ಟೇಷನ್ನಿನಲ್ಲಿ ಇಳಿದರೆ ಪಾರ್ಕು ಅಲ್ಲೇ ಅಂತ ಪೇಪರಲ್ಲೇ ಬಂದಿದೆಯಲ್ಲ ಅಂದರು. ಅಲ್ಲೇ ಅಂದರೆ ಕಾಲು ಗಂಟೆ ನಡಿಗೆ! ಮಂಡಿನೋವಿನ ಅಕ್ಕ ಬಿಸಿಲಲ್ಲಿ ನಿಂತು ನಿಂತು ನಡೆದಳು. ಪಾರ್ಕೇನು ಚಿಕ್ಕದಾ? ಕೆರೆ ಸೇರಿ ಸುಮಾರು 190 ಹೆಕ್ಟೇರ್. ವಾಪಸ್ ಬರುವಾಗ ಕಣ್ಣೆದುರೇ ರೈಲು ಹೋಯಿತು. ಈ ಲೈನಲ್ಲಿ ಗಂಟೆಗೊಂದು ರೈಲು ಸಿಕ್ಕರೆ ಪುಣ್ಯ ಅನ್ನೋದನ್ನಾದರೂ ಬರೆಯಬಾರದಿತ್ತಾ?

ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರಗಳ ನಿರ್ದೇಶಕ ಹಿಡೆಯಾಕಿ ಅನ್ನೊ ಅವರು ಹುಟ್ಟಿದ ಊರು ಅಂತ ಉಬೆ-ಶಿಂಕಾವಾ ಸ್ಟೇಷನ್ನಿನ ಫೋಟೊಗೆ ಅರ್ಧ ಪುಟ ಕೊಟ್ಟಿದ್ದೀರಿ. ಕೊಡಿ, ಬೇಡ ಅನ್ನಲ್ಲ. ಊರ ತುಂಬ ಇರುವ ಶಿಲ್ಪಗಳಿಗೆ ಮಾತ್ರ ಒಂದೇ ಸಾಲು, ಅದೂ 'ವಿಚಿತ್ರ ಆಕಾರಗಳು' ಅಂತ. ಇದು ಸಮುದ್ರದ ತಳದಿಂದ ಕಲ್ಲಿದ್ದಲು ತೆಗೆದು ಬದುಕಿದ ಊರು, ಸಿಮೆಂಟ್ ಮಾಡಿದ ಊರು. ಯುದ್ಧದಲ್ಲಿ ಬಾಂಬಿಗೆ ಸುಟ್ಟಿತ್ತು. ಆಮೇಲೆ ಕಾರ್ಖಾನೆಗಳು ಮತ್ತೆ ಎದ್ದವು, ಒಣಗಲು ಹಾಕಿದ ಬಟ್ಟೆ ಮೇಲೆಲ್ಲ ಬೂದಿ. ಊರಿನವರು, ಅದರಲ್ಲೂ ಹೆಂಗಸರ ಸಂಘಗಳು, ಗಿಡ ನೆಟ್ಟರು, ಹೂವು ಬೆಳೆಸಿದರು. ಹೂವಿಗೆ ಕೂಡಿಸಿದ್ದರಲ್ಲಿ ಉಳಿದ ದುಡ್ಡಿಂದ 1958ರಲ್ಲಿ ಸ್ನಾನ ಮಾಡುವ ಹೆಣ್ಣಿನ ಒಂದು ಪ್ರತಿಮೆ ತಂದು ಇದೇ ಶಿಂಕಾವಾ ಸ್ಟೇಷನ್ ಮುಂದೆ ಇಟ್ಟರು. ಫಾಲ್ಕೊನೆ ಎಂಬ ಫ್ರೆಂಚ್ ಶಿಲ್ಪಿಯ ಕೃತಿಯ ನಕಲು ಅದು. 1961ರಲ್ಲಿ ಟೋಕಿವಾ ಪಾರ್ಕಿನಲ್ಲಿ ಬಯಲು ಶಿಲ್ಪ ಪ್ರದರ್ಶನ ಶುರುವಾಯಿತು. ಇವತ್ತಿಗೂ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಅದರಲ್ಲಿ ಎಷ್ಟೋ ಶಿಲ್ಪಗಳು ಊರಿನ ಬೀದಿ, ಪಾರ್ಕುಗಳಲ್ಲೇ ಉಳಿಯುತ್ತವೆ. ನೀವು ಫೋಟೊ ಹಾಕಿದ ಸ್ಟೇಷನ್ನಿಗೇ ಈ ಕಥೆ ಅಂಟಿಕೊಂಡಿದೆ, ಗೊತ್ತಿತ್ತಾ?

ಪಾರ್ಕಿನ ಕೆರೆ ದಂಡೆಯ ಹುಲ್ಲಿನ ಮೇಲೆ ಶಿಲ್ಪಿ ರ್‍ಯೋಕಿಚಿ ಮುಕಾಯಿ 1962ರಲ್ಲಿ ಮಾಡಿದ 'ಇರುವೆ ಕೋಟೆ' ಇದೆ. ಎಲ್ಲ ಕಬ್ಬಿಣ. ಹತ್ತಿರ ಹೋಗಿ ನೋಡಿದರೆ ಮೂಲೆಮೂಲೆಯೂ ಚೂಪು, ನಡುವೆ ಸಂದುಗಳು, ಆ ಸಂದುಗಳಲ್ಲಿ ಕೆರೆಯ ನೀರು ಕಾಣುತ್ತದೆ. ಲೇತ್ ಕಾರ್ಖಾನೆಯಲ್ಲಿ ದುಡಿದ ಭಾವ ಅದರ ಸುತ್ತ ಓಡಾಡುತ್ತಾ, ಎಲ್ಲೆಲ್ಲಿ ಹೇಗೆ ಬೆಸುಗೆ ಹಾಕಿದ್ದಾರೆ ಅಂತ ಹುಡುಕಿದರು. ಯಾಕೆ ಮಾಡಿದರು, ಇಲ್ಲೇ ಯಾಕೆ ಇಟ್ಟರು ಅಂತ ಕೇಳಿದರು. ಓದಿ ಹೇಳೋಣ ಅಂದರೆ ನಾವು ನೋಡಿದ ಎಷ್ಟೋ ಶಿಲ್ಪಗಳ ಹತ್ತಿರ ಹೆಸರು, ಇಸವಿ ಬಿಟ್ಟರೆ ಏನೂ ಇಲ್ಲ.

ಈ ಅಧಿಕಾರಿಗಳು ಎಲ್ಲಿ ಹೋದರೂ ಒಂದೇ ರೀ. ಹೋದ ವರ್ಷ ಒಂದು ಕಚೇರಿಗೆ ಹೋಗಿ, ಬಸ್ ನಿಲ್ದಾಣದಲ್ಲಿ ಕೂರೋಕೆ ಬೆಂಚಿಲ್ಲ, ವಯಸ್ಸಾದವರು ಏನು ಮಾಡಬೇಕು ಅಂತ ಮಗಳ ಕೈಲಿ ಕೇಳಿಸಿದ್ದೆ. ತಲೆ ಬಾಗಿಸಿದರು, ಬರೆದುಕೊಂಡರು, ಒಂದು ಬಣ್ಣದ ಪುಸ್ತಿಕೆ ಕೊಟ್ಟು ಕಳಿಸಿದರು. ಬೆಂಚು ಇನ್ನೂ ಬಂದಿಲ್ಲ. ನಮ್ಮೂರಲ್ಲಿ ಬಯ್ದು ಕಳಿಸುತ್ತಾರೆ, ಇಲ್ಲಿ ನಮಸ್ಕಾರ ಮಾಡಿ ಕಳಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಇಲ್ಲಿ ಸಮುದ್ರದ ಕೆಳಗಿದ್ದ ಚೋಸೆಯ್ ಕಲ್ಲಿದ್ದಲು ಗಣಿಯ ಹೆಸರೇ ನಿಮ್ಮ ಲೇಖನದಲ್ಲಿಲ್ಲ. 1942ರ ಫೆಬ್ರವರಿಯಲ್ಲಿ ಸಮುದ್ರದ ನೀರು ನುಗ್ಗಿ ಗಣಿಯೊಳಗಿದ್ದ 183 ಜನ ಸತ್ತರು, ಅವರಲ್ಲಿ 136 ಜನ ಕೊರಿಯಾದವರು. ಇಲ್ಲಿನ ಟೊಕೊನಾಮಿ ಕಡಲ ದಡದಲ್ಲಿ ನಿಂತರೆ ಆ ಗಣಿಯ ಎರಡು ಕಾಂಕ್ರೀಟ್ ಕೊಳವೆಗಳು ನೀರಿನ ಮೇಲೆ ಈಗಲೂ ಕಾಣುತ್ತವೆ. ಪ್ರವಾಸದ ಪುಟ ಅಂದರೆ ಸಾವು ನೋವು ಬರೆಯಬಾರದಾ?

ಬರೆಯುವವರು ಊರು ಸುತ್ತಿ ಬರೆಯಲಿ. ಟೂರ್ ನಡೆಸುವವರು ಹಿರೋಶಿಮಾದಿಂದ ಫುಕುವೊಕಾಗೆ ಹಾರಿಸಿಕೊಂಡು ಹೋಗದೆ ಇಲ್ಲೊಂದು ದಿನ ನಿಲ್ಲಿಸಲಿ. ಸಂಬಂಧಪಟ್ಟವರು ಬಸ್ಸಾದರೂ ಜಾಸ್ತಿ ಬಿಡಲಿ, ಇಲ್ಲ ಬೋರ್ಡಾದರೂ ಹಾಕಲಿ, ಏನಾದರೊಂದು ಮಾಡಲಿ. ಸುಮ್ನೆ ಫೋಟೊ ಹಾಕಿ ಜನರನ್ನು ಬಿಸಿಲಲ್ಲಿ ನಡೆಸಬೇಡಿ.

- ಓದುಗಳು, ಉಬೆ, ಜಪಾನ್