ಮಗಳಿಗೊಂದು ಪತ್ರ: ತಿರುಪಿಗೆ ಕೈ ಹಾಕುವ ಮೊದಲು

ಪ್ರೀತಿಯ ಪುಟ್ಟೀ,

ನೀನು ಮೊಬೈಲಿಗೆ ಕಳಿಸಿದ ಚಿತ್ರವನ್ನು ಕನ್ನಡಕ ಒರೆಸಿಕೊಂಡು ಮೂರು ಬಾರಿ ನೋಡಿದೆ. ನಮ್ಮ ಹೊಲಿಗೆ ಮಿಷನ್ನಿನಲ್ಲಿ ನೀನು ಹೊಲಿದ ದಿಂಬಿನ ಚೀಲದ ಮೇಲೆ ಹೊಲಿಗೆ ನೆಟ್ಟಗಿದೆ, ಒಳಮಗ್ಗುಲಲ್ಲಿ ಮಾತ್ರ ದಾರ ಕುಣಿಕೆ ಕುಣಿಕೆಯಾಗಿ ನಿಂತಿದೆ. ಕೆಳಗೆ ಕೆಟ್ಟಿದೆ ಎಂದು ಬಾಬಿನ್ ಕೇಸಿನ, ಅಂದರೆ ಕೆಳದಾರದ ಉರುಳೆ ಕೂರುವ ಡಬ್ಬಿಯ, ತಿರುಪನ್ನು ಬಿಗಿ ಮಾಡಿದೆ, ಕುಣಿಕೆ ಇನ್ನೂ ಹೆಚ್ಚಾಯಿತು ಎಂದು ಬರೆದಿದ್ದೀಯ. ಹೆಚ್ಚಾಗಲೇಬೇಕು. ಕೆಳಗೆ ಕಾಣುವ ಆ ಕುಣಿಕೆ ಮೇಲಿನ ದಾರದ್ದು. ಅದು ಸಡಿಲವಾಗಿರುವುದರಿಂದ ಬಾಬಿನ್ ದಾರ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದೆ. ನೀನು ಆ ಎಳೆತಕ್ಕೆ ಇನ್ನಷ್ಟು ಬಲ ಕೊಟ್ಟಿದ್ದೀಯ. ಎರಡೂ ದಾರಗಳು ಬಟ್ಟೆಯ ದಪ್ಪದ ನಡುವೆ ಕೊಂಡಿ ಹಾಕಿಕೊಳ್ಳಬೇಕು, ಯಾವುದೂ ಇನ್ನೊಂದರ ಕಡೆಗೆ ಇಣುಕಬಾರದು.

ಇದೇ ಮಿಷನ್‌ನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಅತ್ತೆಯ ರೇಷ್ಮೆ ರವಿಕೆ ಹೊಲಿಯಲು ಕುಳಿತು, ಒಂದು ಮಧ್ಯಾಹ್ನವಿಡೀ ಒಮ್ಮೆ ಮೇಲಿನ ತಿರುಪು, ಒಮ್ಮೆ ಕೆಳಗಿನದು ಎಂದು ತಿರುಗಿಸುತ್ತಾ ಹೋದೆ. ನಿನ್ನ ಅಜ್ಜಿ ಹಿತ್ತಲಿನಿಂದ ಬಂದು ನೋಡಿ, ಬಟ್ಟೆ ಒತ್ತುವ ಪಾದವನ್ನು ಎತ್ತಿ, ದಾರವನ್ನು ಪೂರ್ತಿ ತೆಗೆದು, ಮತ್ತೆ ಪೋಣಿಸಿದರು. ಆಮೇಲೆ ನನ್ನ ಬೆರಳಿಗೆ ದಾರದ ತುದಿ ಕೊಟ್ಟು, ಪಾದ ಎತ್ತಿರುವಾಗ ಒಮ್ಮೆ, ಇಳಿಸಿದಾಗ ಒಮ್ಮೆ ಎಳೆಯಿಸಿದರು. ಎತ್ತಿದಾಗ ದಾರ ಸಲೀಸಾಗಿ ಜಾರಿತು, ಇಳಿಸಿದಾಗ ಹಿಡಿದುಕೊಂಡಿತು. ಆ ವ್ಯತ್ಯಾಸ ಇಂದಿಗೂ ನನ್ನ ಬೆರಳಿನಲ್ಲಿದೆ.

ನೀನೂ ಮೊದಲು ಅದನ್ನೇ ಮಾಡು. ಮಿಷನ್ನಿನ ಮುಖದ ಬಳಿ ಎದುರು ಬದುರಾಗಿ ಕೂತಿರುವ ಎರಡು ಉಕ್ಕಿನ ಬಿಲ್ಲೆಗಳಿವೆಯಲ್ಲ, ಪಾದ ಎತ್ತಿದರೆ ಅವು ಬಿಡಿಸಿಕೊಳ್ಳುತ್ತವೆ, ಇಳಿಸಿದರೆ ಒತ್ತಿಕೊಳ್ಳುತ್ತವೆ. ಪಾದ ಇಳಿಸಿಟ್ಟು ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಇಳಿಯದೆ ಅಂಚಿನ ಮೇಲೇ ಕೂರುತ್ತದೆ. ಆಗ ಬಿಲ್ಲೆಗಳ ಮುಂದಿರುವ ಮೇಲಿನ ತಿರುಪನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಪಾದ ಇಳಿಸಿದಾಗಲೂ ದಾರ ಸಲೀಸಾಗಿ ಬಂದರೆ ಬಿಲ್ಲೆಗಳ ನಡುವೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಹಳೆಯ ದಾರದ ತುಣುಕು, ನೂಲಿನ ಧೂಳು, ಎಣ್ಣೆಯ ಜಿಡ್ಡು ಸೇರಿ ಅಲ್ಲಿ ಗಟ್ಟಿಯಾಗಿರುತ್ತದೆ. ತೆಳ್ಳಗಿನ ಹತ್ತಿ ಬಟ್ಟೆಯ ಅಂಚನ್ನು ಮಡಚಿ, ಪಾದ ಎತ್ತಿಟ್ಟು, ಬಿಲ್ಲೆಗಳ ನಡುವೆ ಹಿಂದೆ ಮುಂದೆ ಆಡಿಸು. ಬಿಲ್ಲೆಗಳನ್ನು ಮಾತ್ರ ಕಳಚಬೇಡ, ಸ್ಪ್ರಿಂಗ್, ವಾಷರುಗಳನ್ನು ಅದೇ ಕ್ರಮದಲ್ಲಿ ಜೋಡಿಸುವುದು ಸುಲಭವಲ್ಲ. ಪಕ್ಕದಲ್ಲೇ ಇರುವ ಸಣ್ಣ ತಂತಿಯ ಸ್ಪ್ರಿಂಗ್‌ಗೂ ದಾರ ಸಿಕ್ಕಿಕೊಂಡಿರಬೇಕು. ಅದನ್ನು ತಪ್ಪಿಸಿ ಪೋಣಿಸಿದರೂ ಕೆಳಗೆ ಕುಣಿಕೆ ಬರುತ್ತದೆ.

ಸೂಜಿಯನ್ನೂ ಬದಲಿಸಿಬಿಡು. ದಿಂಬಿನ ಚೀಲದ ಹತ್ತಿ ಬಟ್ಟೆಗೆ 14 ನಂಬರಿನದು ಸಾಕು. ಸೂಜಿಯ ಒಂದು ಮಗ್ಗುಲಲ್ಲಿ ಉದ್ದಕ್ಕೂ ಒಂದು ಗೀರು ಇರುತ್ತದೆ, ದಾರವನ್ನು ಆ ಕಡೆಯಿಂದಲೇ ಪೋಣಿಸಬೇಕು.

ಇನ್ನು ನೀನು ತಿರುಗಿಸಿದ ಬಾಬಿನ್ ಕೇಸ್. ಅದನ್ನು ಹೊರತೆಗೆದು, ತಗಡಿನ ಸ್ಪ್ರಿಂಗ್ ಕೆಳಗೆ ಧೂಳಿದ್ದರೆ ಸೂಜಿಮೊನೆಯಿಂದ ಮೆಲ್ಲಗೆ ತೆಗೆ. ಬಾಬಿನ್ ಹಾಕುವಾಗ ದಾರ ಸೀಳಿನೊಳಗೆ ಇಳಿದು, ಬಂದ ದಿಕ್ಕಿಗೇ ತಿರುಗಿ ತಗಡಿನ ಕೆಳಗೆ ನುಸುಳಬೇಕು. ನಂತರ ದಾರದ ತುದಿ ಹಿಡಿದು ಕೇಸನ್ನು ತೂಗಾಡಿಸು. ತನ್ನ ತೂಕಕ್ಕೇ ಸರ್ರನೆ ಇಳಿದರೆ ಸಡಿಲ. ಕೈಯನ್ನು ಸಣ್ಣಗೆ ಜಾಡಿಸಿದಾಗಲೂ ಅಲುಗಾಡದಿದ್ದರೆ ಬಿಗಿ. ಜಾಡಿಸಿದಾಗ ಒಂದೆರಡು ಅಂಗುಲ ಇಳಿದು ನಿಂತರೆ ಸರಿಯಾಗಿದೆ. ಆ ತಗಡಿನ ಮೇಲೆ ಎರಡು ತಿರುಪುಗಳಿವೆ. ತುದಿಯಲ್ಲಿರುವುದು ತಗಡನ್ನು ಹಿಡಿದಿಡಲು ಮಾತ್ರ, ಅದನ್ನು ಮುಟ್ಟಬೇಡ. ನಡುವಿನ ದೊಡ್ಡದನ್ನು, ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸು. ಕೆಳಗೆ ಬಿಳಿ ಬಟ್ಟೆ ಹಾಸಿಕೋ, ಬಿದ್ದ ತಿರುಪು ಎಳ್ಳುಕಾಳಿನ ಹಾಗೆ ಕಣ್ಣಿಗೆ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮಾತ್ರ ಮೇಲಿನ ತಿರುಪಿಗೆ ಕೈ ಹಾಕು. ಅದನ್ನೂ ಒಂದೊಂದೇ ಹೆಜ್ಜೆ, ಪಾದ ಇಳಿಸಿಟ್ಟು. ಮೇಲ್ಗಡೆ ಕೆಳಗಿನ ದಾರದ ಚುಕ್ಕೆಗಳು ಕಾಣತೊಡಗಿದರೆ ಮೇಲಿನ ಬಿಗಿ ಹೆಚ್ಚಾಯಿತೆಂದು ತಿಳಿ. ತಿರುಪಿನಲ್ಲಿ ಅಂಕಿಗಳಿಲ್ಲವೆಂದು ಹೆದರಬೇಡ. ಬಟ್ಟೆ ಬದಲಾದಾಗಲೆಲ್ಲ ಬಿಗಿಯೂ ಬದಲಾಗುತ್ತದೆ, ಕೈಗೆ ತಿಳಿಯುವುದೇ ಗಟ್ಟಿ.

ಒಂದು ಮಾತು ಮರೆತೆ. ಎಣ್ಣೆ ಬಿಡುವಾಗ ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಚಳಿಗೆ ಹೆಪ್ಪುಗಟ್ಟಿ ಯಂತ್ರವನ್ನು ಜಡಗೊಳಿಸುತ್ತದೆ. ಮಿಷನ್ ಎಣ್ಣೆಯನ್ನೇ ತಾ, ಬಿಲ್ಲೆಗಳ ಕಡೆಗೆ ಒಂದು ಹನಿಯೂ ಬೀಳಬಾರದು.

ಎಲ್ಲ ಮುಗಿದ ಮೇಲೆ ಒಂದು ಗೇಣು ಹತ್ತಿ ಬಟ್ಟೆಯನ್ನು ಓರೆಯಾಗಿ ಮಡಚಿ, ಮೇಲೆ ಕೆಂಪು, ಬಾಬಿನ್‌ಗೆ ಬಿಳಿ, ಒಂದೇ ಜಾತಿಯ ದಾರ ಹಾಕಿ ಹೊಲಿ. ಎರಡೂ ಕೈಯಿಂದ ಜಗ್ಗಿ ಎಳೆ. ಎರಡೂ ದಾರ ಒಟ್ಟಿಗೇ ತುಂಡಾದರೆ ಬಿಗಿ ಸಮವಾಗಿದೆ. ಕೆಂಪೊಂದೇ ತುಂಡಾದರೆ ಮೇಲಿನದನ್ನು ಸ್ವಲ್ಪ ಸಡಿಲಿಸು. ಆಮೇಲೆ ಇನ್ನೊಂದು ತುಂಡು ಹೊಲಿದು, ಎಳೆಯದೆ, ಚಿತ್ರದ ಬದಲು ಅಂಚೆಯಲ್ಲಿ ಕಳಿಸು. ಅದರ ಹಿಂಭಾಗವನ್ನು ನಾನು ಬೆರಳಿನಿಂದ ಮುಟ್ಟಿ ನೋಡಬೇಕು.

ನಿನ್ನ
ಅಮ್ಮ